ಸೈಕಿಯಾಟ್ರಿ ತಗೊಳ್ಳೋ ಮೊದಲು ರೋಗಿಯ ಪಕ್ಕ ಕೂತು ನೋಡಿ

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಇವತ್ತು ನಾನು ಮಾತಾಡುವುದು ಎಂಬಿಬಿಎಸ್ ಓದುತ್ತಿರುವ ಮಕ್ಕಳ ಜೊತೆ. ಮನೆಯಲ್ಲಿ ಅಂಥವರಿದ್ದರೆ ಅಪ್ಪ ಅಮ್ಮನೂ ದಯವಿಟ್ಟು ಕೇಳಿಸಿಕೊಳ್ಳಿ.

ಎಂಬಿಬಿಎಸ್ ಆದ ಮೇಲೆ ಸೈಕಿಯಾಟ್ರಿ, ಅಂದರೆ ಮನಸ್ಸಿನ ಕಾಯಿಲೆಗಳ ವಿಭಾಗ, ತಗೊಳ್ಳಲಾ, ಬೇಡವಾ? ಹೀಗೆ ಕೇಳಿಕೊಂಡು ಬರುವವರಿಗೆ ನಾನು ಹೇಳುವುದು ಒಂದೇ ಮಾತು. ಒಬ್ಬ ರೋಗಿಯ ಪಕ್ಕ ಕೂತು, ಅವರ ಮಾತು ಮುಗಿಯುವ ತನಕ ಕೇಳಿ. ಆಮೇಲೆ ತೀರ್ಮಾನ ಮಾಡಿ. ಎಂಬಿಬಿಎಸ್‌ನಲ್ಲಿ ಈ ವಿಭಾಗಕ್ಕೆ ಸಿಗುವುದೇ ಕೆಲವು ವಾರದ ಪೋಸ್ಟಿಂಗ್, ಅಂದರೆ ವಾರ್ಡು, ಓಪಿಡಿಯಲ್ಲಿ ಕಲಿಯುವ ಸರದಿ. ಅದನ್ನೂ ಲೈಬ್ರರಿಯಲ್ಲಿ ಬೇರೆ ವಿಷಯ ಓದುತ್ತಾ ಕಳೆದರೆ ಏನು ಗೊತ್ತಾಗುತ್ತದೆ ಹೇಳಿ?

ನನ್ನ ಒಬ್ಬ ವಿದ್ಯಾರ್ಥಿನಿಯ ಕತೆ ಹೇಳುತ್ತೇನೆ. ಸರ್ಜನ್ ಆಗಬೇಕು ಅಂತಿದ್ದ ಹುಡುಗಿ. ನಮ್ಮ ಓಪಿಡಿಗೆ ಅರಸೀಕೆರೆ ಕಡೆಯ ಒಬ್ಬ ತಾಯಿ ಬಂದಿದ್ದರು. ಎದೆ ಉರಿ, ಕೈಕಾಲು ಜೋಮು, ರಾತ್ರಿ ಮೂರಕ್ಕೇ ಎಚ್ಚರ. ಕೈಚೀಲದ ತುಂಬಾ ಇಸಿಜಿ, ಸ್ಕ್ಯಾನ್, ರಕ್ತ ಪರೀಕ್ಷೆಯ ಚೀಟಿಗಳು. ಎಲ್ಲವೂ ನಾರ್ಮಲ್. "ಏನೂ ಇಲ್ಲ, ಆರಾಮಾಗಿರಿ" ಅಂತ ಎಲ್ಲರೂ ಕಳಿಸಿದ್ದರು. ಹುಡುಗಿಗೆ ನಾನು, ಇವರ ಕಾಯಿಲೆಯ ಹಿಸ್ಟರಿ ಕೇಳಿ ತಗೋಮ್ಮ, ಅವಸರ ಬೇಡ ಅಂದೆ. ಅವಳು ಸ್ಟೂಲ್ ಎಳೆದುಕೊಂಡು ಕೂತಳು. "ಅಮ್ಮಾ, ಮನೇಲಿ ಯಾರ್ಯಾರಿದ್ದೀರಾ?" ಅಂದಳು. ಅಷ್ಟೇ. ಆ ತಾಯಿ ಮೊದಲು ತೋಟದ ವಿಷಯ ಹೇಳಿದರು. ಬೋರ್ ಬತ್ತಿದ್ದು, ತೆಂಗು ಒಣಗಿದ್ದು, ಸಾಲ. ಆಮೇಲೆ ಮಾತು ನಿಂತಿತು. ಹುಡುಗಿಯೂ ಸುಮ್ಮನೆ ಕೂತಳು. ಆ ಸುಮ್ಮನೆ ಕೂರುವುದಿದೆಯಲ್ಲ, ಅದೇ ಕಷ್ಟದ ವಿದ್ಯೆ. ಸ್ವಲ್ಪ ಹೊತ್ತಾದ ಮೇಲೆ ಆ ತಾಯಿ, "ಬದುಕೋದೇ ಬೇಡ ಅನ್ಸತ್ತೆ ಕಣವ್ವ" ಅಂದರು. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

ಅದು ಖಿನ್ನತೆ. ನಮ್ಮ ಕಡೆ ಖಿನ್ನತೆ ಎಷ್ಟೋ ಸಲ ಎದೆ ಉರಿ, ಸುಸ್ತು, ಮೈಕೈ ನೋವಾಗಿಯೇ ಆಸ್ಪತ್ರೆಗೆ ಬರುತ್ತದೆ. ಥೈರಾಯ್ಡ್ ತೊಂದರೆ ಇಲ್ಲ ಅಂತ ನೋಡಿಸಿಕೊಂಡು, ಖಿನ್ನತೆಯ ಮಾತ್ರೆ ಶುರು ಮಾಡಿದೆವು. ಇದರ ಮಾತ್ರೆ ಹಿಡಿಯಲು ಕೆಲವು ವಾರ ಬೇಕು ಅಂತ ಮನೆಯವರಿಗೆ ಬಿಡಿಸಿ ಹೇಳಿದ್ದೂ ಆ ಹುಡುಗಿಯೇ. ಆ ತಾಯಿ ನಿದ್ದೆ ಮಾಡಿ, ಊಟ ಮಾಡಿ, ಮತ್ತೆ ತೋಟಕ್ಕೆ ಹೋಗುವಂತಾದರು. ಹುಡುಗಿ ಈಗ ಸೈಕಿಯಾಟ್ರಿಯಲ್ಲಿ ಎಂಡಿ, ಅಂದರೆ ಎಂಬಿಬಿಎಸ್ ನಂತರದ ಓದು, ಮಾಡುತ್ತಿದ್ದಾಳೆ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. "ಅದರಲ್ಲಿ ಡಾಕ್ಟರಿಕೆ ಎಲ್ಲಿದೆ?" ಅನ್ನುವವರಿಗೆ: ಥೈರಾಯ್ಡ್, ಮೂರ್ಛೆ, ಕುಡಿತ ಬಿಟ್ಟಾಗ ಬರುವ ನಡುಕ ಗೊತ್ತಿಲ್ಲದವರು ಈ ಕೆಲಸ ಮಾಡಲಾಗದು. ಎಂಡಿ 3 ವರ್ಷ, ಬೇರೆ ವಿಭಾಗಗಳ ಹಾಗೇ. ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನೋಡಿ. ಸುಮಾರು 15 ಕೋಟಿ ಜನಕ್ಕೆ ಚಿಕಿತ್ಸೆ ಬೇಕು ಅಂತಿದೆ. ಹೆಚ್ಚಿನವರಿಗೆ ಅದು ಸಿಗುತ್ತಿಲ್ಲ. ಇಷ್ಟಿದ್ದೂ ಮನೆಯವರು "ಹುಚ್ಚರ ಡಾಕ್ಟರ್ ಆಗ್ತೀಯಾ?" ಅಂತ ಮಕ್ಕಳನ್ನು ತಡೆಯುವುದು ನನಗೆ ನಿಜಕ್ಕೂ ಬೇಸರ.

ಎಲೆಕ್ಟಿವ್, ಅಂದರೆ ವಿಷಯ ನೀವೇ ಆರಿಸಿಕೊಳ್ಳುವ ಅವಧಿ, ಬಂದಾಗ ಸೈಕಿಯಾಟ್ರಿ ಕೇಳಿ ಪಡೆಯಿರಿ. ಇಂಟರ್ನ್‌ಶಿಪ್‌ನಲ್ಲಿ ಸಹಿ ಹಾಕಿ ಓಡಬೇಡಿ, ವಾರ್ಡಿಗೆ ಹೋಗಿ, ಒಬ್ಬರ ಪಕ್ಕ ಕೂರಿ. ಕೇಳುಗರಲ್ಲಿ ಯಾರಿಗಾದರೂ ಮನಸ್ಸು ಭಾರವಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮಸ್ಕಾರ.