ಸೂಜಿಗೆ ಹೆದರುವ ಮಗುವಿಗೆ ರೋಬೋ ಏನು ಹೇಳುತ್ತದೆ?

[ದೃಶ್ಯ: ಲಸಿಕೆ ಹಾಕುವ ಕೋಣೆ. ಅಮ್ಮನ ಸೆರಗು ಹಿಡಿದು ನಿಂತ ಮಗು.]

"ಏನಿಲ್ಲ ಪುಟ್ಟಾ, ಇರುವೆ ಕಚ್ಚಿದಂಗೆ ಅಷ್ಟೇ." ನಾವೆಲ್ಲ ಕೇಳಿಕೊಂಡೇ ಬೆಳೆದ ಮಾತು. ಎರಡನೇ ಸಲ ಇದನ್ನು ಯಾವ ಮಗುವೂ ನಂಬುವುದಿಲ್ಲ, ಅಲ್ವಾ?

ನಮಸ್ಕಾರ. ಕೆನಡಾದ ಕ್ಯಾಲ್ಗರಿಯಲ್ಲಿ ಮಕ್ಕಳ ಜೊತೆ ಮಾತಾಡುವ ಈ ಕೆಲಸವನ್ನು ಒಂದು ರೋಬೋಗೆ ಕೊಟ್ಟು ನೋಡಿದರು.

[ದೃಶ್ಯ: ಮೇಜಿನ ಮೇಲೆ ಪುಟ್ಟ ರೋಬೋ, ಎದುರಿಗೆ ಕೂತ ಮಗು.]

ರೋಬೋ ಹೆಸರು ನಾವೋ. ಫ್ರಾನ್ಸಿನ ಆಲ್ಡಿಬರಾನ್ ಕಂಪನಿ ಮಾಡಿದ್ದು. ಎತ್ತರ ಬರೀ 58 ಸೆಂಟಿಮೀಟರ್. ಫ್ಲೂ ಲಸಿಕೆಗೆ ಬಂದ 4ರಿಂದ 9 ವರ್ಷದ 57 ಮಕ್ಕಳನ್ನು ಕ್ಯಾಲ್ಗರಿ ವಿಶ್ವವಿದ್ಯಾಲಯದ ತಾನ್ಯಾ ಬೆರಾನ್ ತಂಡ ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಎಂದಿನಂತೆ ನರ್ಸ್ ಮಾತ್ರ. ಇನ್ನೊಂದಕ್ಕೆ ಜೊತೆಗೆ ನಾವೋ.

ನನಗೆ ತುಂಬಾ ಹಿಡಿಸಿದ್ದು ಇದು: ರೋಬೋ ಒಂದು ಆಟಿಕೆ ಬಾತುಕೋಳಿ ತೋರಿಸಿ, ಅದರ ಮೇಲಿನ ಧೂಳು ಊದಲು ಮಗುವಿಗೆ ಹೇಳುತ್ತದೆ. ಧೂಳು ಸುಮ್ನೆ ನೆಪ. ಉದ್ದಕ್ಕೆ ಉಸಿರು ಬಿಡುವಾಗ ಬಿಗಿದುಕೊಂಡ ತೋಳು ಸಡಿಲವಾಗುತ್ತದೆ. ರೋಬೋ ಜೊತೆಗಿದ್ದ ಮಕ್ಕಳಲ್ಲಿ ನೋವು, ಗಾಬರಿ ಎರಡೂ ಕಡಿಮೆ ಕಂಡವು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು.

ರಕ್ತ ತೆಗೆಯುವುದನ್ನು ವಿವರಿಸುವಾಗಲೂ ಹೀಗೇ ಇರಬೇಕು. ಮೊದಲು ತೋಳಿಗೆ ಪಟ್ಟಿ ಬಿಗಿಯುತ್ತಾರೆ. ಆಮೇಲೆ ಸ್ಪಿರಿಟ್ ಹತ್ತಿ ಒರೆಸುತ್ತಾರೆ, ತಣ್ಣಗಾಗುತ್ತದೆ. ಚುಚ್ಚುವಾಗ ಸ್ವಲ್ಪ ನೋವಾಗುತ್ತದೆ, ಆಗ ನೀನು ಜೋರಾಗಿ ಊದು. ಸುಳ್ಳಿಲ್ಲ, ಮಗುವಿಗೂ ಒಂದು ಕೆಲಸ ಇದೆ. ಹತ್ತು ಸಲ ಕೇಳಿದರೂ ರೋಬೋಗೆ ಬೇಜಾರಿಲ್ಲ. ಹೊರಗೆ ಮೂವತ್ತು ಜನ ಕಾಯುತ್ತಿದ್ದರೆ ಪಾಪ, ನರ್ಸ್‌ಗೆ ಅಷ್ಟು ಪುರುಸೊತ್ತು ಎಲ್ಲಿ?

[ದೃಶ್ಯ: ನೀಲಿ ಕರಡಿ ರೋಬೋ. ಬೇರೆ ಕಡೆ ಲ್ಯಾಪ್‌ಟಾಪ್ ಮುಂದೆ ಕೂತ ವ್ಯಕ್ತಿ.]

ಎಲ್ಲ ರೋಬೋಗಳೂ ತಾವೇ ಯೋಚಿಸಿ ಮಾತಾಡುತ್ತವೆ ಅಂದುಕೊಳ್ಳಬೇಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರ ಹಗಬಲ್ ಎಂಬ ಕರಡಿ ರೋಬೋವನ್ನು ಬಾಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ, ಮರೆಯಲ್ಲಿ ಒಬ್ಬ ಮನುಷ್ಯ ಕೂತು ಅದನ್ನು ನಡೆಸುತ್ತಿದ್ದರು. ಮಕ್ಕಳೇನೋ ಖುಷಿಪಟ್ಟರು. ಆದರೆ ರೋಬೋ ತಂದರೆ ಸಿಬ್ಬಂದಿ ಉಳಿತಾಯ ಅನ್ನೋ ಲೆಕ್ಕ ಇಲ್ಲೇ ಕೈಕೊಡುತ್ತದೆ.

ದೊಡ್ಡವರ ಆಪರೇಷನ್ ವಿಷಯ ಬೇರೆ. ಚಿಕಿತ್ಸೆ ಯಾಕೆ, ಅಪಾಯ ಏನು, ಬೇರೆ ದಾರಿ ಇದೆಯೇ ಎಂದು ತಿಳಿಸಿಯೇ ವೈದ್ಯರು ಒಪ್ಪಿಗೆ ಪಡೆಯಬೇಕು ಎಂದು 2008ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದೆ. ಕಾಲಿಗೆ ಎಲ್ಲಿ ಕುಯ್ಯುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ರೋಬೋ ತೋರಿಸಲಿ. "ನನಗೆ ಶುಗರ್ ಇದೆ, ಗಾಯ ಒಣಗುತ್ತಾ ಡಾಕ್ಟ್ರೇ?" ಎನ್ನುವ ಅಜ್ಜಿಗೆ ಡಾಕ್ಟರೇ ಉತ್ತರ ಕೊಡಬೇಕು.

[ದೃಶ್ಯ: ಆಸ್ಪತ್ರೆ ಬಾಗಿಲಲ್ಲಿ ಮಿತ್ರ ರೋಬೋ.]

ಬೆಂಗಳೂರಿನಲ್ಲೇ ತಯಾರಾದ ಮಿತ್ರ ರೋಬೋ 2020ರಲ್ಲಿ, ಕೋವಿಡ್ ಹೊತ್ತಿನಲ್ಲಿ, ಫೋರ್ಟಿಸ್ ಆಸ್ಪತ್ರೆ ಬಾಗಿಲಲ್ಲಿ ಬಂದವರ ಜ್ವರ ನೋಡುತ್ತಿತ್ತು. ವಿವರಿಸುವ ಕೆಲಸ ಅದಕ್ಕಿಂತ ಕಷ್ಟ. ಅಳುತ್ತಾ ತೊದಲುವ ಮಗುವಿನ ಕನ್ನಡ ಅರ್ಥವಾಗಬೇಕು. ಅರ್ಥವಾಗದಿದ್ದರೆ ಏನೋ ಒಂದು ಹೇಳಿಬಿಡದೆ, "ಸಿಸ್ಟರ್‌ನ ಕರೀತೀನಿ" ಅನ್ನಬೇಕು.

ನಿಮ್ಮ ಮಗುವಿಗೆ ಸೂಜಿ ಹಾಕುವ ಮುಂಚೆ ನೀವೇನು ಹೇಳುತ್ತೀರಿ? ಕಾಮೆಂಟ್‌ನಲ್ಲಿ ಬರೆಯಿರಿ.