ರನ್‌ವೇ ಆಸೆ ಬಿಟ್ಟ ಪೈಲಟ್

ಕೇಳುಗರೇ, ನಮಸ್ಕಾರ.

ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ಹೆಸರು ಕೇಳಿರುತ್ತೀರಿ. ಅವರು ಪೈಲಟ್ ಕೂಡ ಹೌದು. 2015ರ ಮಾರ್ಚ್ 5ರಂದು ಲಾಸ್ ಏಂಜಲೀಸ್ ಪಕ್ಕದ ಸಾಂಟಾ ಮೋನಿಕಾ ವಿಮಾನ ನಿಲ್ದಾಣದಿಂದ ಅವರು ಒಬ್ಬರೇ ಹೊರಟರು. ವಿಮಾನ ರಯಾನ್ ಪಿಟಿ-22. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ತರಬೇತಿಗೆ ಬಳಸುತ್ತಿದ್ದ ಮಾದರಿ. ಫೋರ್ಡ್ ಹುಟ್ಟಿದ ವರ್ಷವೇ, 1942ರಲ್ಲಿ, ತಯಾರಾದದ್ದು.

ನೆಲ ಬಿಟ್ಟು ಸ್ವಲ್ಪ ಹೊತ್ತಿಗೇ ಎಂಜಿನ್ ಶಕ್ತಿ ಕಳೆದುಕೊಂಡಿತು. ಆಗ ಯಾರಿಗಾದರೂ ಮೊದಲು ಹೊಳೆಯುವುದು ಬಿಟ್ಟು ಬಂದ ರನ್‌ವೇನೇ ಅಲ್ವಾ? ಫೋರ್ಡ್ ಕೂಡ ವಾಪಸ್ ಬರುತ್ತೇನೆಂದು ಕಂಟ್ರೋಲ್ ಟವರ್‌ಗೆ ತಿಳಿಸಿ, ವಿಮಾನ ತಿರುಗಿಸಿದರು.

ಆದರೆ ಎತ್ತರ ಕಡಿಮೆ ಇದ್ದಾಗ ಈ ತಿರುವು ತುಂಬಾ ಅಪಾಯದ್ದು. ಅರ್ಧ ಸುತ್ತು ತಿರುಗಿದರೆ ಸಾಲದು. ಹಾಗೆ ಮಾಡಿದರೆ ರನ್‌ವೇ ಪಕ್ಕದಲ್ಲೇ ಉಳಿಯುತ್ತದೆ, ಅದರ ನೇರಕ್ಕೆ ಬರಲು ಇನ್ನಷ್ಟು ತಿರುಗಬೇಕು. 45 ಡಿಗ್ರಿ ವಾಲಿಸಿ ತಿರುಗುವಾಗ, ಬೀಳದೆ ಹಾರಲು ಬೇಕಾದ ಕನಿಷ್ಠ ವೇಗ ಸುಮಾರು ಶೇಕಡಾ 20ರಷ್ಟು ಏರುತ್ತದೆ. ಎಂಜಿನ್ ಇಲ್ಲದೆ ಆ ವೇಗ ಎಲ್ಲಿಂದ ಬರಬೇಕು? ಮೂತಿ ಕೆಳಗೆ ಮಾಡಿ, ಇರುವ ಎತ್ತರವನ್ನೇ ಖರ್ಚು ಮಾಡಬೇಕು. ವೇಗ ಸಾಲದೆ ಹೋದರೆ ರೆಕ್ಕೆಗೆ ಗಾಳಿಯ ಆಸರೆ ತಪ್ಪಿ ವಿಮಾನ ಉರುಳಿ ಬೀಳುತ್ತದೆ. ಎಷ್ಟೋ ಪೈಲಟ್‌ಗಳು ಜೀವ ಬಿಟ್ಟದ್ದು ಹೀಗೇ.

ಫೋರ್ಡ್ ಆ ಹಂತಕ್ಕೆ ಹೋಗಲಿಲ್ಲ. ರನ್‌ವೇ ಸಿಗುವುದಿಲ್ಲ ಎಂದು ಗೊತ್ತಾದ ಕೂಡಲೇ ಆ ಆಸೆ ಬಿಟ್ಟು, ಹತ್ತಿರದ ಪೆನ್‌ಮಾರ್ ಗಾಲ್ಫ್ ಮೈದಾನದ ಕಡೆ ಇಳಿದರು. ಸುತ್ತಲೂ ಮನೆಗಳಿದ್ದವು. ವಿಮಾನ ಒಂದು ಮರದ ತುದಿಗೆ ತಾಗಿ ನೆಲಕ್ಕೆ ಅಪ್ಪಳಿಸಿತು. ಸೊಂಟದ ಮೂಳೆ, ಪಾದದ ಕೀಲು ಮುರಿದವು. ಜೀವ ಉಳಿಯಿತು, ನೆಲದ ಮೇಲಿದ್ದ ಯಾರಿಗೂ ಏನೂ ಆಗಲಿಲ್ಲ. ಆ ನಿರ್ಧಾರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅಲ್ಲೇ ಗಾಲ್ಫ್ ಆಡುತ್ತಿದ್ದ ಬೆನ್ನುಮೂಳೆ ಡಾಕ್ಟರೊಬ್ಬರು ಓಡಿ ಬಂದು ನೆರವಾದದ್ದೂ ಸಣ್ಣ ವಿಷಯವಲ್ಲ.

ಕಾರಣವೇನು? ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಹುಡುಕಿತು. ಹಳೇ ಸ್ಕೂಟರ್ ಓಡಿಸಿದವರಿಗೆ ಕಾರ್ಬ್ಯುರೇಟರ್ ಜೆಟ್ ಗೊತ್ತಿರುತ್ತದೆ, ಎಂಜಿನ್‌ಗೆ ಹೋಗುವ ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಸಣ್ಣ ತೂತಿನ ಭಾಗ ಅದು. ಈ ಎಂಜಿನ್‌ನಲ್ಲಿ ಆ ಜೆಟ್ಟೇ ತಿರುಪು ಸಡಿಲವಾಗಿ ತನ್ನ ಜಾಗದಿಂದ ಕಳಚಿತ್ತು. ಪೆಟ್ರೋಲ್ ಅತಿಯಾಗಿ ನುಗ್ಗಿ ಎಂಜಿನ್ ಸೋತಿತು. ಆ ಕಾರ್ಬ್ಯುರೇಟರನ್ನು ಬಿಚ್ಚಿ ಜೋಡಿಸಿ ಸುಮಾರು 17 ವರ್ಷ ಆಗಿತ್ತು. ಜೆಟ್ಟನ್ನು ಆಗಾಗ ನೋಡಿ ಅಂತ ಹೇಳುವ ಸೂಚನೆಯೇ ಇರಲಿಲ್ಲ.

ಇನ್ನೊಂದು ವಿಷಯವೂ ಹೊರಬಂತು. ಭುಜದ ಬೆಲ್ಟನ್ನು ಸರಿಯಾಗಿ ಕೂರಿಸಿರಲಿಲ್ಲ. ಸೀಟಿನ ಬೆನ್ನಿಗೆ ಬಿಗಿದಿದ್ದರೂ ಅಲ್ಲಿ ಗಟ್ಟಿ ಆಧಾರ ಕೊಟ್ಟಿರಲಿಲ್ಲ. ಪೆಟ್ಟು ಅಷ್ಟು ಜೋರಾಗಲು ಅದೂ ಒಂದು ಕಾರಣ ಎಂದು ಮಂಡಳಿ ಬರೆಯಿತು.