ಹೊಸ ಮೇಡಂ ಬಂದ ಮೇಲೆ

ಕೇಳುಗರಿಗೆ ನಮಸ್ಕಾರ.

ಸರ್ಕಾರಿ ಶಾಲೆಗೆ ಹೊಸ ಶಿಕ್ಷಕರು ಬಂದರೆ ನಮ್ಮಂಥ ಹೆಡ್‌ಮಾಸ್ತರರು ಮೊದಲು ಕೇಳುವುದೇನು ಗೊತ್ತಾ? 'ಕಂಪ್ಯೂಟರ್ ಬರುತ್ತಾ?' ಬರುತ್ತದೆ ಅಂದರೆ ಮುಗೀತು. ಮಕ್ಕಳ ಮಾಹಿತಿ ತುಂಬುವ ಸ್ಯಾಟ್ಸ್ ಅನ್ನೋ ಆನ್‌ಲೈನ್ ವ್ಯವಸ್ಥೆಯ ಎಂಟ್ರಿ, ಬಿಸಿಯೂಟದ ಲೆಕ್ಕ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಕೇಳುವ ಮಾಹಿತಿ, ಎಲ್ಲ ಅವರ ತಲೆಗೆ. ನಾನೂ ಹಾಗೆ ಮಾಡಿದವನೇ.

ನಮ್ಮಲ್ಲಿಗೆ ಬಂದ ಮೇಡಂಗೆ ನಲಿ-ಕಲಿ ತರಗತಿ ಕೊಟ್ಟೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ಐದು ತಟ್ಟೆಗಳಲ್ಲಿ ಕೂರುತ್ತಾರೆ. ತಟ್ಟೆ ಅಂದರೆ ಊಟದ್ದಲ್ಲ, ಗುಂಪು. ಒಂದನೇ ತಟ್ಟೆಗೆ ಟೀಚರ್ ಪಕ್ಕದಲ್ಲೇ ಇರಬೇಕು, ಐದನೆಯದು ತನ್ನ ಪಾಡಿಗೆ ಕಲಿಯುತ್ತದೆ. ಶಿಕ್ಷಕರ ತರಬೇತಿ ಡಿ.ಎಡ್.ನಲ್ಲಿ ಓದಿದ್ದೇ ಬೇರೆ, ಪಾಠದ ಕಾರ್ಡ್ ಹಿಡಿದು ಐದೂ ಕಡೆ ಓಡಾಡುವುದೇ ಬೇರೆ.

ಮೂರನೇ ದಿನ ಹೋಗಿ ನೋಡಿದರೆ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಬೋರ್ಡಿನ ಮೇಲೆ ಬರೆಯುತ್ತಿದ್ದರು. ನಾನು ಹಿಂದೆ ಕೂತು ರಿಜಿಸ್ಟರ್ ತೆರೆದೆ. ಅವರ ಕೈಯಲ್ಲಿದ್ದ ಸೀಮೆಸುಣ್ಣ ಪಟಕ್ಕಂತ ಮುರಿಯಿತು. ಪಕ್ಕದ ಹುಡುಗ ಕೇಳಿದ: 'ಸಾರ್, ಮೇಡಂಗೆ ಮಾರ್ಕ್ಸ್ ಹಾಕ್ತಿದ್ದೀರಾ?'

ತೊಡಕು ಇರುವುದೇ ಇಲ್ಲಿ. ಹೊಸಬರಿಗೆ ಎರಡು ವರ್ಷ ಪ್ರೊಬೇಷನ್. ತಮ್ಮ ಬಗ್ಗೆ ವರದಿ ಬರೆಯುವವನ ಮುಂದೆ 'ನಂಗೆ ಬರ್ತಿಲ್ಲ' ಅಂತ ಯಾರು ಬಾಯಿ ಬಿಡುತ್ತಾರೆ, ಹೇಳಿ?

ಮಾರನೇ ದಿನ ರಿಜಿಸ್ಟರ್ ಬಿಟ್ಟು ಹೋದೆ. ಅವರು ಒಂದನೇ ತಟ್ಟೆ ಹಿಡಿದರು, ನಾನು ಎರಡನೆಯದರಲ್ಲಿ ಚಕ್ಕಲಮಕ್ಕಲ ಹಾಕಿ ಕೂತೆ. ಒಂದು ಕಾರ್ಡಿನ ಲೋಗೋ, ಅಂದರೆ ಯಾವ ಚಟುವಟಿಕೆ ಅಂತ ತೋರಿಸುವ ಚಿತ್ರ, ನನಗೇ ತಪ್ಪಿತು. ಮೂರನೇ ಕ್ಲಾಸಿನ ಹುಡುಗಿ ತಿದ್ದಿದಳು. ಮೇಡಂ ನಕ್ಕರು, ಬಂದ ಮೇಲೆ ಮೊದಲ ಸಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರು ವರ್ಷಕ್ಕೆ 50 ಗಂಟೆಯಾದರೂ ತರಬೇತಿ ಪಡೆಯಲಿ ಅನ್ನುತ್ತದೆ. ಒಳ್ಳೆಯದೇ. ಆದರೆ ಮಕ್ಕಳಿಗೆ ಊಟ ಬಡಿಸಿ, ಕೈ ತೊಳೆಯುವಾಗ ಸಿಗುವ ಹತ್ತು ನಿಮಿಷವೂ ಕಡಿಮೆಯೇನಲ್ಲ. 'ಪಾಠ ಎಲ್ಲಿಗೆ ಬಂತು' ಅಂತ ಕೇಳುವುದನ್ನು ಬಿಟ್ಟೆ. 'ಇವತ್ತು ಯಾವ ಮಗು ಮಾತೇ ಆಡಲಿಲ್ಲ?' ಅಂತ ಕೇಳತೊಡಗಿದೆ. ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾ ಸಮಿತಿಯವರು ದೂರು ತಂದರೆ ಅವರೆದುರು ಮೇಡಂ ಪರ ನಿಂತೆ, ಹೇಳುವುದನ್ನು ಆಮೇಲೆ ಒಬ್ಬರೇ ಇದ್ದಾಗ ಹೇಳಿದೆ. ಬಿಸಿಯೂಟದ ಲೆಕ್ಕ ವಾಪಸ್ ನನ್ನ ಮೇಜಿಗೇ ಬಂತು. ಬೇಜಾರಿನ ಕೆಲಸ, ಸುಳ್ಳು ಹೇಳಲ್ಲ.

ದಸರಾ ರಜೆ ಮುಗಿದ ವಾರ ಮೇಡಂ ಬಾಗಿಲಲ್ಲಿ ನಿಂತಿದ್ದರು. 'ಸಾರ್, ನಾಳೆ ಸ್ವಲ್ಪ ಬಂದು ಕೂತ್ಕೊಳ್ತೀರಾ? ನಾಲ್ಕನೇ ತಟ್ಟೆ ಕೈಗೇ ಸಿಗ್ತಿಲ್ಲ.'

ನಮಸ್ಕಾರ.